ಊರಿನ ನಂಬರು, ಪರದೇಶದ ಟವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ಪಕ್ಕದಲ್ಲೊಂದು ತಗಡಿನ ಪೆಟ್ಟಿಗೆ ಇರುತ್ತದೆ. ಅದರೊಳಗೆ ಮೋಟಾರಿನ ಸ್ಟಾರ್ಟರ್. ಈಗೀಗ ಬಹಳ ಕಡೆ ಆ ಸ್ಟಾರ್ಟರಿಗೆ ತಗುಲಿಸಿದ ಇನ್ನೊಂದು ಸಣ್ಣ ಡಬ್ಬಿಯೂ ಇರುತ್ತದೆ, ಆ ಡಬ್ಬಿಯಲ್ಲಿ ಒಂದು ಸಿಮ್. ತ್ರೀಫೇಸ್ ಕರೆಂಟು ಕೊಡುವುದೇ ಅವೇಳೆಯಲ್ಲಿ. ನಡುರಾತ್ರಿ ಟಾರ್ಚು ಹಿಡಿದು, ಹಾವು ಹಂದಿಗೆ ಹೆದರುತ್ತ ತೋಟಕ್ಕೆ ಹೋಗುವ ಕಷ್ಟವನ್ನು ತಪ್ಪಿಸಿದ್ದು ಈ ಮೊಬೈಲ್ ಸ್ಟಾರ್ಟರ್. ರೈತರು ಮನೆಯಿಂದಲೇ ಆ ಸಿಮ್ಮಿಗೆ ಕರೆ ಮಾಡುತ್ತಾರೆ. ಕರೆ ಬಂದ ನಂಬರು ಯಾವುದೆಂದು ಡಬ್ಬಿ ನೋಡಿಕೊಳ್ಳುತ್ತದೆ. ತನ್ನಲ್ಲಿ ನೋಂದಾಯಿಸಿಟ್ಟ ನಂಬರೇ ಆಗಿದ್ದರೆ ಮೋಟಾರು ಚಾಲೂ ಆಗುತ್ತದೆ. ಬೇರೆ ನಂಬರಿನಿಂದ ಎಷ್ಟು ಸಲ ಕರೆ ಬಂದರೂ ಅದು ಮಿಸುಕುವುದಿಲ್ಲ.

ಇಂಥದೊಂದು ತೋಟದ ಯಜಮಾನರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದಾರೆ ಎನ್ನಿ. ನಮ್ಮಲ್ಲಿ ಇದು ಈಗ ಅಪರೂಪದ ಮಾತಲ್ಲ. ಕೊಬ್ಬರಿ ಮಾರಿ ಓದಿಸಿದ ಮಕ್ಕಳು ಬೆಂಗಳೂರು ದಾಟಿ ಹೋಗಿದ್ದಾರೆ, ಅಪ್ಪ ಅಮ್ಮ ಅವರ ಹಿಂದೆ ಆರಾರು ತಿಂಗಳ ವೀಸಾದಲ್ಲಿ ಹೋಗಿಬರುತ್ತಾರೆ. ಊರಿನಲ್ಲಿ ರಾತ್ರಿ ಒಂದು ಗಂಟೆಗೆ ತ್ರೀಫೇಸ್ ಬಂದರೆ, ಬೇಸಿಗೆಯ ನ್ಯೂಜೆರ್ಸಿಯಲ್ಲಿ ಅದು ಹಿಂದಿನ ದಿನದ ಮಧ್ಯಾಹ್ನ ಮೂರೂವರೆ. ಎಚ್ಚರವಾಗಿರುವ ಹೊತ್ತೇ. ಆದರೆ ಅಲ್ಲಿ ಕೊಂಡ ಅಮೆರಿಕದ ಸಿಮ್ಮಿನಿಂದ ಕರೆ ಮಾಡಿದರೆ ಮೋಟಾರು ಏಳುವುದಿಲ್ಲ. ಊರಿನಿಂದ ತಂದ ಸಿಮ್ಮಿನಿಂದ ಮಾಡಿದರೆ ಏಳುತ್ತದೆ. ಫೋನು ಅದೇ, ಬೆರಳು ಅದೇ, ಅಲ್ಲಿಯ ಟವರೂ ಅದೇ ಇರಬಹುದು. ಹಾಗಿದ್ದೂ ಒಂದು ಕರೆಗೆ ನೀರು ಹರಿಯುತ್ತದೆ, ಇನ್ನೊಂದಕ್ಕೆ ಇಲ್ಲ.

ಹೊರದೇಶದಲ್ಲಿ ನೆಟ್ ಸಿಗುವುದು ಹೇಗೆ ಎಂದು ಕೇಳುವವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದುಕೊಂಡಿರುತ್ತಾರೆ. ನೀವು ಯಾರು ಎನ್ನುವುದು ಒಂದು. ನಿಮ್ಮ ಮಾತು, ಚಿತ್ರ, ಹಣದ ಲೆಕ್ಕ ಯಾವ ದಾರಿಯಲ್ಲಿ ಸಾಗಬೇಕು ಎನ್ನುವುದು ಇನ್ನೊಂದು. ದಾರಿಯನ್ನು ಯಾವ ದೇಶದಲ್ಲಾದರೂ, ಯಾರಿಂದಲಾದರೂ ಕೊಳ್ಳಬಹುದು. ಗುರುತು ಹಾಗಲ್ಲ, ಅದರ ಬೇರು ಊರಿನಲ್ಲಿರುತ್ತದೆ. ಈ ಎರಡನ್ನೂ ಬೇರೆ ಮಾಡಿ ನೋಡದೆ ಇರುವುದರಿಂದಲೇ ಕೆಲವರಿಗೆ ಸಾವಿರಾರು ರೂಪಾಯಿ ಬಿಲ್ಲು ಬರುತ್ತದೆ, ಕೆಲವರಿಗೆ ಬ್ಯಾಂಕಿನ ಓಟಿಪಿ ಬಾರದೆ ಹೋಗುತ್ತದೆ.

ಗುರುತು ಇರುವುದು ಫೋನಿನಲ್ಲಲ್ಲ, ಸಿಮ್ಮಿನಲ್ಲಿ. ಆ ಪ್ಲಾಸ್ಟಿಕ್ ಚೂರಿನ ಮೇಲೆ ಚಿನ್ನದ ಬಣ್ಣದ ತೆಳು ತಗಡು ಕಾಣುತ್ತದಲ್ಲ, ಅದರ ಹಿಂದೆ ಒಂದು ಪುಟ್ಟ ಕಂಪ್ಯೂಟರೇ ಕೂತಿದೆ. ಅದಕ್ಕೆ ತನ್ನದೇ ಪ್ರೊಸೆಸರ್ ಇದೆ, ನೆನಪಿನ ಕೋಶಗಳಿವೆ, ಲೆಕ್ಕ ಮಾಡುವ ಶಕ್ತಿಯಿದೆ. 1991ರಲ್ಲಿ ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯಂಟ್ ಕಂಪನಿ ಫಿನ್‌ಲ್ಯಾಂಡಿನ ರೇಡಿಯೋಲಿನ್ಯಾ ಸಂಸ್ಥೆಗೆ ಮೊದಲ ಸಿಮ್‌ಗಳನ್ನು ಮಾಡಿಕೊಟ್ಟಿತು. ಆ ಕಂಪನಿಯ ಮೂಲ ಕಸುಬು ನೋಟು ಮುದ್ರಿಸುವುದು. ಖೋಟಾ ಮಾಡಲಾಗದ ವಸ್ತುವನ್ನು ತಯಾರಿಸುವ ಕಲೆ ಕಾಗದದಿಂದ ಸಿಲಿಕಾನಿಗೆ ದಾಟಿತು.

ನಾವು ಎಲ್ಲರಿಗೂ ಹೇಳುವ ಹತ್ತು ಅಂಕಿಯ ನಂಬರು ಸಿಮ್ಮಿನ ಅಸಲು ಹೆಸರಲ್ಲ. ಒಳಗೆ ಬರೆದಿರುವುದು ಸಾಮಾನ್ಯವಾಗಿ 15 ಅಂಕಿಗಳ ಬೇರೊಂದು ಸಂಖ್ಯೆ. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ. ಭಾರತಕ್ಕೆ 404 ಮತ್ತು 405, ಬ್ರಿಟನ್ನಿಗೆ 234, ಸಿಂಗಪುರಕ್ಕೆ 525, ಅಮೆರಿಕಕ್ಕೆ 310ರಿಂದ ಶುರುವಾಗುವ ಕೆಲವು ಸಂಖ್ಯೆಗಳು. ಮುಂದಿನ ಎರಡು ಮೂರು ಅಂಕಿ ಯಾವ ಕಂಪನಿ, ಯಾವ ವಲಯ ಎಂಬುದನ್ನು ಹೇಳುತ್ತವೆ. ಕರ್ನಾಟಕದ ಬಿಎಸ್ಸೆನ್ನೆಲ್ ಸಿಮ್ 404-71 ಎಂದು ಆರಂಭವಾಗುತ್ತದೆ, ಕರ್ನಾಟಕದ ಏರ್‌ಟೆಲ್ 404-45 ಎಂದು. ತಿಪಟೂರಿನಲ್ಲಿ ಕೊಂಡ ಸಿಮ್ ಭೂಮಿಯ ಯಾವ ಮೂಲೆಗೆ ಹೋದರೂ ತಾನು ಕರ್ನಾಟಕದ್ದು ಎಂದೇ ಹೇಳಿಕೊಳ್ಳುತ್ತದೆ.

ಈ ಸಂಖ್ಯೆಯ ಜೊತೆ ಸಿಮ್ಮಿನಲ್ಲಿ ಇನ್ನೊಂದು ವಸ್ತುವಿದೆ, ಅದೇ ಗುಟ್ಟಿನ ಕೀಲಿ. 128 ಬಿಟ್‌ಗಳ ಒಂದು ಸಂಖ್ಯೆ. ಅಂಥ ಕೀಲಿಗಳು ಎಷ್ಟು ಸಾಧ್ಯ ಎಂದು ಲೆಕ್ಕ ಹಾಕಿದರೆ 34ರ ಮುಂದೆ 37 ಸೊನ್ನೆ ಬರೆಯಬೇಕಾಗುತ್ತದೆ. ಊಹಿಸಿ ಕಂಡುಹಿಡಿಯುವ ಮಾತೇ ಇಲ್ಲ. ಈ ಕೀಲಿ ಇರುವುದು ಎರಡೇ ಕಡೆ, ನಿಮ್ಮ ಸಿಮ್ಮಿನೊಳಗೆ ಮತ್ತು ಭಾರತದಲ್ಲಿರುವ ನಿಮ್ಮ ಕಂಪನಿಯ ಕಂಪ್ಯೂಟರಿನೊಳಗೆ. ಅದು ಎಂದೂ ಗಾಳಿಯಲ್ಲಿ ಹಾರುವುದಿಲ್ಲ, ತಂತಿಯಲ್ಲಿ ಹರಿಯುವುದಿಲ್ಲ. ನಿಮ್ಮ ಫೋನಿಗೂ ಅದನ್ನು ಓದಲಾಗದು.

ಹಾಗಾದರೆ ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದು ಫ್ಲೈಟ್ ಮೋಡ್ ತೆಗೆದ ಕೂಡಲೇ ಏನಾಗುತ್ತದೆ? ಬಹಳ ಜನ ಆ ಅರ್ಧ ನಿಮಿಷ ತಾಳ್ಮೆ ಕಳೆದುಕೊಂಡು ಫೋನನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಆ ಹೊತ್ತಿನಲ್ಲಿ ಅದು ಮಾಡುತ್ತಿರುವ ಕೆಲಸ ನಿಜಕ್ಕೂ ದೊಡ್ಡದು. ಮೊದಲು ಫೋನು ತಾನು ಕೊನೆಯ ಸಲ ಮಾತಾಡಿದ್ದ ಬೆಂಗಳೂರಿನ ನೆಟ್‌ವರ್ಕನ್ನು ಹುಡುಕುತ್ತದೆ. ಸಿಗುವುದಿಲ್ಲ. ಆಮೇಲೆ ತನಗೆ ಗೊತ್ತಿರುವ ತರಂಗಾಂತರಗಳನ್ನೆಲ್ಲ ಒಂದೊಂದಾಗಿ ಜಾಲಾಡುತ್ತದೆ. ಅಲ್ಲಿಯ ಟವರುಗಳು ಬಿಡುವಿಲ್ಲದೆ ತಮ್ಮ ಹೆಸರನ್ನು ಸಾರುತ್ತಲೇ ಇರುತ್ತವೆ. ಸಿಮ್ಮಿನಲ್ಲಿ ನಿಮ್ಮ ಕಂಪನಿ ಮೊದಲೇ ಬರೆದಿಟ್ಟ ಒಂದು ಪಟ್ಟಿಯಿದೆ, ಯಾವ ದೇಶದಲ್ಲಿ ಯಾರ ಜೊತೆ ಒಪ್ಪಂದವಿದೆ, ಯಾರನ್ನು ಮೊದಲು ಕೇಳಬೇಕು ಎಂದು. ಆ ಪಟ್ಟಿಗೆ ಹೊಂದುವ ಟವರು ಕಂಡಾಗ ಫೋನು ತನ್ನ ಸಂಖ್ಯೆ ಹೇಳಿ ಒಳಗೆ ಬರಲೇ ಎಂದು ಕೇಳುತ್ತದೆ.

ಹೊಸಬರು ಊರಿಗೆ ಬಂದರೆ ಅರಳಿಕಟ್ಟೆಯ ಮೇಲಿರುವವರು ಹೆಸರಿಗಿಂತ ಮೊದಲು ಕೇಳುವುದು ‘ಯಾರ ಪೈಕಿಯಪ್ಪ?’ ಎಂದು. ಹೇಳಿದ ಮನೆಯವರನ್ನು ವಿಚಾರಿಸಿ, ಹೌದು ನಮ್ಮವರೇ ಎಂದ ಮೇಲೆಯೇ ಊಟಕ್ಕೆ ಎಲೆ ಹಾಕುವುದು. ಅಮೆರಿಕದ ಟವರೂ ಮಾಡುವುದು ಇದನ್ನೇ. 404-45 ಎಂಬುದನ್ನು ಓದಿ, ಇದು ಭಾರತದ ಇಂಥ ಕಂಪನಿಯ ಪೈಕಿ ಎಂದು ತಿಳಿದು, ಆ ಕಂಪನಿಗೆ ಸಾಗರದಾಚೆ ಒಂದು ಸಂದೇಶ ಕಳಿಸುತ್ತದೆ: ನಿಮ್ಮವರು ಎನ್ನುವವರೊಬ್ಬರು ನಮ್ಮ ಬಾಗಿಲಲ್ಲಿದ್ದಾರೆ, ನಂಬಬಹುದೇ?

ಇಲ್ಲಿಂದ ಮುಂದಿನದು ಈ ಇಡೀ ವ್ಯವಸ್ಥೆಯ ಅತ್ಯಂತ ಚೆಲುವಾದ ಭಾಗ. ಭಾರತದ ಕಂಪ್ಯೂಟರು ಗುಟ್ಟಿನ ಕೀಲಿಯನ್ನು ಕಳಿಸುವುದಿಲ್ಲ. ಬದಲಿಗೆ ಯಾವುದೋ ಒಂದು ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಆರಿಸಿಕೊಂಡು, ಅದನ್ನು ಕೀಲಿಯ ಜೊತೆ ಸೇರಿಸಿ ಒಂದು ಲೆಕ್ಕ ಮಾಡಿ, ಪ್ರಶ್ನೆ ಮತ್ತು ಉತ್ತರ ಎರಡನ್ನೂ ಅಮೆರಿಕದ ಕಂಪನಿಗೆ ಕಳಿಸುತ್ತದೆ. ಅಮೆರಿಕದ ಕಂಪನಿ ಪ್ರಶ್ನೆಯನ್ನು ಮಾತ್ರ ಫೋನಿಗೆ ಕೊಡುತ್ತದೆ. ಫೋನು ಅದನ್ನು ಸಿಮ್ಮಿಗೆ ದಾಟಿಸುತ್ತದೆ. ಸಿಮ್ ತನ್ನೊಳಗಿನ ಕೀಲಿಯಿಂದ ಅದೇ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಎರಡು ಉತ್ತರಗಳೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಕೀಲಿ ಏನು ಎಂಬುದು ಅಮೆರಿಕದ ಕಂಪನಿಗೆ ಕೊನೆಗೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮುಂದಿನ ಸಲ ಪ್ರಶ್ನೆ ಬೇರೆ, ಉತ್ತರ ಬೇರೆ. ಹಾಗಾಗಿ ನಡುವೆ ಕದ್ದು ಕೇಳಿದವನಿಗೂ ದಕ್ಕುವುದೇನಿಲ್ಲ. 2ಜಿ ಕಾಲದಲ್ಲಿ ಟವರು ಮಾತ್ರ ಸಿಮ್ಮನ್ನು ಪರೀಕ್ಷಿಸುತ್ತಿತ್ತು, 3ಜಿಯಿಂದ ಮುಂದೆ ಸಿಮ್ಮೂ ಟವರನ್ನು ಪರೀಕ್ಷಿಸುತ್ತದೆ, ನೀನು ನಿಜವಾದ ಟವರೋ ವೇಷಧಾರಿಯೋ ಎಂದು.

ಇದಿಷ್ಟೂ ಆದಾಗ ಭಾರತದ ಕಂಪ್ಯೂಟರಿನಲ್ಲಿ ಇನ್ನೊಂದು ಬದಲಾವಣೆ ಆಗಿರುತ್ತದೆ. ಈ ಗ್ರಾಹಕರು ಈಗ ಅಮೆರಿಕದ ಇಂಥ ಜಾಲದಲ್ಲಿದ್ದಾರೆ ಎಂದು ದಾಖಲಾಗಿರುತ್ತದೆ. ಊರಿನಿಂದ ಯಾರಾದರೂ ಕರೆ ಮಾಡಿದರೆ, ಬ್ಯಾಂಕು ಓಟಿಪಿ ಕಳಿಸಿದರೆ, ಮೊದಲು ಈ ದಾಖಲೆಯನ್ನು ನೋಡಿ ಆಮೇಲೆ ಅಲ್ಲಿಗೆ ಕಳಿಸಲಾಗುತ್ತದೆ. ಇದೇ ದಾಖಲೆ ಈಗ ಮೋಸದ ಕರೆಗಳನ್ನು ತಡೆಯುವುದಕ್ಕೂ ಬೇಕಾಗಿದೆ. ಹೊರದೇಶದಲ್ಲಿ ಕೂತ ವಂಚಕರು +91 ಎಂದು ತೋರುವ ಸುಳ್ಳು ನಂಬರಿನಿಂದ ಕರೆ ಮಾಡಿ, ಪೊಲೀಸರು ಎಂದು ಹೆದರಿಸಿ ಹಣ ದೋಚುವುದು ಹೆಚ್ಚಾದಾಗ, ದೂರಸಂಪರ್ಕ ಇಲಾಖೆ ಅಂಥ ಕರೆಗಳನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಯನ್ನು 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಭಾರತದ ನಂಬರೊಂದು ಹೊರಗಿನಿಂದ ಕರೆ ಮಾಡುತ್ತಿದ್ದರೆ ಅದು ಅಸಲಿ ರೋಮಿಂಗೋ ಅಲ್ಲವೋ ಎನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. ತೋಟದ ಮೋಟಾರಿಗೆ ನ್ಯೂಜೆರ್ಸಿಯಿಂದ ಬರುವ ಕರೆಯೂ ತನ್ನ ಅಸಲಿತನವನ್ನು ಹೀಗೆಯೇ ಸಾಬೀತು ಮಾಡಬೇಕು.

ಇನ್ನು ದಾರಿಯ ಮಾತು.

ಊರಿನ ಸಿಮ್ಮಿನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ನ್ಯೂಜೆರ್ಸಿಯಲ್ಲಿ ನೆಟ್ ಬಳಸಿದರೆ, ನಿಮ್ಮ ಡಾಟಾ ಅಮೆರಿಕದ ಟವರಿನಿಂದ ನೇರವಾಗಿ ಅಂತರ್ಜಾಲಕ್ಕೆ ಹೋಗುತ್ತದೆ ಎಂದು ಯಾರೇ ಆದರೂ ಎಣಿಸುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅದನ್ನು ಒಂದು ಮುಚ್ಚಿದ ಕೊಳವೆಯೊಳಗೆ ಹಾಕಿ ಮೊದಲು ಭಾರತಕ್ಕೆ ತರುತ್ತಾರೆ. ಇಲ್ಲಿಯ ಕಂಪನಿಯ ಬಾಗಿಲಿನಿಂದಲೇ ಅದು ಅಂತರ್ಜಾಲಕ್ಕೆ ಹೊರಬೀಳುವುದು. ಎಷ್ಟು ಬಳಸಿದಿರಿ ಎಂದು ಅಳೆಯಲು, ಪ್ಯಾಕ್ ಮುಗಿದಾಗ ನಿಲ್ಲಿಸಲು, ಸರ್ಕಾರದ ನಿಯಮ ಪಾಲಿಸಲು ಕಂಪನಿಗೆ ಇದು ಅನುಕೂಲ.

ಇದರ ಪರಿಣಾಮಗಳು ವಿಚಿತ್ರವಾಗಿವೆ. ನೀವು ನ್ಯೂಜೆರ್ಸಿಯಲ್ಲಿದ್ದರೂ ಜಾಲತಾಣಗಳ ಕಣ್ಣಿಗೆ ಭಾರತದಲ್ಲೇ ಇರುತ್ತೀರಿ. ಹೊರದೇಶದ ವಿಳಾಸಕ್ಕೆ ತೆರೆದುಕೊಳ್ಳದ ನಮ್ಮ ಕೆಲವು ಸರ್ಕಾರಿ ತಾಣಗಳು ರೋಮಿಂಗ್ ಡಾಟಾದಲ್ಲಿ ತೆರೆದುಕೊಳ್ಳುತ್ತವೆ. ಗೂಗಲ್, ವಾಟ್ಸಾಪ್ ಎರಡಕ್ಕೂ ತಡೆಯಿರುವ ಚೀನಾದಲ್ಲಿ, ಅಲ್ಲಿಯ ಹೋಟೆಲಿನ ವೈಫೈನಲ್ಲಿ ಸಿಗದ್ದು ಊರಿನ ಸಿಮ್ಮಿನಲ್ಲಿ ಸಿಗುತ್ತದೆ. ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿದ ಟಿಕ್‌ಟಾಕ್ ಮಾತ್ರ, ಅಮೆರಿಕದ ನಡುಬೀದಿಯಲ್ಲಿ ನಿಂತರೂ ನಮ್ಮ ರೋಮಿಂಗ್ ಡಾಟಾದಲ್ಲಿ ಬರುವುದಿಲ್ಲ. ಅಲ್ಲಲ್ಲಿಯ ಜಾಲ ಹಿಡಿದವರಿಗೆ ಅಲ್ಲಲ್ಲಿಯ ತಡೆ: ದುಬೈನಲ್ಲಿ ಸ್ಥಳೀಯ ಜಾಲದ ಮೇಲೆ ವಾಟ್ಸಾಪ್ ಕರೆಗೆ ಅವಕಾಶವಿಲ್ಲ, ಅಲ್ಲಿರುವ ನಮ್ಮವರು ಪರವಾನಗಿ ಇರುವ ಬೋಟಿಮ್‌ನಂಥ ಆ್ಯಪ್‌ಗಳಲ್ಲಿ ಮನೆಗೆ ಮಾತಾಡುವುದು ಅದಕ್ಕೇ.

ಇನ್ನೊಂದು ಪರಿಣಾಮ ವೇಗದ್ದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬಯಲಿನಲ್ಲಿ ಸಾಗುವ 3 ಲಕ್ಷಕ್ಕಿಂತ ಕಡಿಮೆ. ಮುಂಬೈಯಿಂದ ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್, ಅಟ್ಲಾಂಟಿಕ್ ಹಾದು ಅಮೆರಿಕದ ಪೂರ್ವ ತೀರ ಮುಟ್ಟುವ ಕೇಬಲ್ ದಾರಿಯನ್ನು 18 ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ, ಬೆಳಕಿಗೆ ಹೋಗಲು 0.09 ಸೆಕೆಂಡ್ ಬೇಕು, ಹೋಗಿಬರಲು 0.18 ಸೆಕೆಂಡ್. ನ್ಯೂಜೆರ್ಸಿಯ ಮಗಳ ಮನೆಯಿಂದ ಪಕ್ಕದ ಬೀದಿಯ ಔಷಧಿ ಅಂಗಡಿಯನ್ನು ಮ್ಯಾಪಿನಲ್ಲಿ ಹುಡುಕಿದರೆ ಆ ಪ್ರಶ್ನೆ ಭಾರತಕ್ಕೆ ಬರುತ್ತದೆ. ಉತ್ತರವು ಅಮೆರಿಕದ ಸರ್ವರಿನಲ್ಲೇ ಇದ್ದರಂತೂ ಪ್ರಶ್ನೆ ವಾಪಸು ಅಮೆರಿಕಕ್ಕೆ ಹೋಗಿ, ಮತ್ತೆ ಭಾರತಕ್ಕೆ ಬಂದು, ಮತ್ತೆ ಅಮೆರಿಕಕ್ಕೆ ಹೋಗಬೇಕು. ಒಂದು ಪ್ರಶ್ನೆಗೆ ಸಾಗರವನ್ನು ನಾಲ್ಕು ಸಲ ದಾಟಿದಂತಾಯಿತು. ಒಂದು ಪುಟ ತೆರೆಯಲು ಇಂಥ ಹತ್ತಾರು ಪ್ರಶ್ನೋತ್ತರ ನಡೆಯುವುದರಿಂದ ಮ್ಯಾಪು ತೆವಳುತ್ತದೆ. ಊರಿಗೆ ಮಾಡಿದ ವಿಡಿಯೋ ಕರೆಗೆ ಮಾತ್ರ ಈ ಸುತ್ತಿನಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ, ಅದು ಹೇಗೂ ಭಾರತಕ್ಕೇ ಬರಬೇಕಾದದ್ದು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ, ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ 0.15 ಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆ. 0.4 ಸೆಕೆಂಡ್ ದಾಟಿದರೆ ಸಹಿಸುವುದು ಕಷ್ಟ. ಹಳೆಯ ಐಎಸ್ಡಿ ಕರೆಗಳನ್ನು ನೆನಪಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. 1990ರ ದಶಕದಲ್ಲಿ ಹಳದಿ ಬೋರ್ಡಿನ ಅಂಗಡಿಗೆ ಹೋಗಿ, ಗಾಜಿನ ಪೆಟ್ಟಿಗೆಯೊಳಗೆ ನಿಂತು, ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುತ್ತ ಮಾತಾಡುತ್ತಿದ್ದ ಕಾಲದಲ್ಲಿ ಎಷ್ಟೋ ಕರೆಗಳು ಉಪಗ್ರಹದ ಮೂಲಕ ಹೋಗುತ್ತಿದ್ದವು. ಆ ಉಪಗ್ರಹಗಳು ನೆಲದಿಂದ 35,786 ಕಿಲೋಮೀಟರ್ ಮೇಲೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ಇಬ್ಬರೂ ಒಟ್ಟಿಗೆ ‘ಹಲೋ’ ಎಂದು, ಇಬ್ಬರೂ ಒಟ್ಟಿಗೆ ಸುಮ್ಮನಾಗಿ, ದುಡ್ಡು ಓಡುತ್ತಿದೆಯೆಂದು ಇಬ್ಬರೂ ಒಟ್ಟಿಗೆ ಗಾಬರಿಯಾಗುತ್ತಿದ್ದುದು ಈ ಅರ್ಧ ಸೆಕೆಂಡಿನಿಂದ. ಅಂಥದೇ ಎತ್ತರದಲ್ಲಿರುವ ನಮ್ಮ ಇಸ್ರೋ ಉಪಗ್ರಹಗಳನ್ನು 1982ರಿಂದ ನೋಡಿಕೊಳ್ಳುತ್ತಿರುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ.

ಇವತ್ತು ಖಂಡದಿಂದ ಖಂಡಕ್ಕೆ ಹರಿಯುವ ಡಾಟಾದಲ್ಲಿ ಹೆಚ್ಚೂ ಕಡಿಮೆ ಎಲ್ಲವೂ ಸಮುದ್ರದ ತಳದ ಕೇಬಲ್ಲುಗಳಲ್ಲಿದೆ. ಆಳ ಸಮುದ್ರದಲ್ಲಿ ಅವುಗಳ ದಪ್ಪ ಎರಡು ಸೆಂಟಿಮೀಟರಿನ ಆಸುಪಾಸು. 1870ರಲ್ಲಿ ಬ್ರಿಟನ್ನಿನಿಂದ ಮುಂಬೈಗೆ ತಂತಿ ಎಳೆದಾಗ ಅದು ಬಂದದ್ದು ಮೆಡಿಟರೇನಿಯನ್, ಸೂಯೆಜ್, ಏಡನ್ ದಾರಿಯಲ್ಲಿ. ಭಾರತದಿಂದ ಯುರೋಪಿನ ಕಡೆಗೆ ಹೋಗುವ ಇಂದಿನ ಗಾಜಿನ ಕೇಬಲ್ಲುಗಳಲ್ಲೂ ಬಹುಪಾಲು ಅದೇ ಇಕ್ಕಟ್ಟಿನ ದಾರಿಯಲ್ಲಿವೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ತುಂಡಾದಾಗ ಭಾರತದ ಅಂತರ್ಜಾಲ ಹಲವು ದಿನ ಕುಂಟಿತು. 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಹತ್ತಿರ ಕೆಂಪು ಸಮುದ್ರದಲ್ಲಿ ಮತ್ತೆ ಅದೇ ಕಥೆ. ದೂರದ ಊರಿನಲ್ಲಿ ಕರೆ ಒಡೆದೊಡೆದು ಬಂದರೆ ಕಾರಣ ಯಾವುದೋ ಹಡಗಿನ ಲಂಗರು ಇರಬಹುದು.

ಆದರೆ ನನ್ನ ಅನುಭವದ ಮಾತು ಹೇಳುವುದಾದರೆ, ಕರೆ ಕೆಡುವುದು ಹೆಚ್ಚಾಗಿ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ, ಅದೂ ನಮ್ಮ ತುದಿಯಲ್ಲಿ. ಅಮೆರಿಕದ ನೆಟ್ ಸರಿಯಿಲ್ಲ ಎಂದು ಬೈಯುವ ಮೊದಲು ತೋಟದ ಮನೆಯಿಂದ ಹೊರಗೆ ಬಂದು ಮೇಲೆ ನೋಡಬೇಕು. ಬೆಳೆದ ತೆಂಗಿನ ಮರದ ತಲೆಯಲ್ಲಿ ಮೂವತ್ತರ ಆಸುಪಾಸು ಗರಿಗಳು. ಒಂದೊಂದೂ ಆಳಿಗಿಂತ ಎರಡು ಮೂರು ಪಾಲು ಉದ್ದ, ಮೈಯೆಲ್ಲ ನೀರು ತುಂಬಿದ ಹಸಿ ಸೊಪ್ಪು. ನೀರಿನ ಅಣುವಿಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುತ್ತಿನ ಒಲವಿದೆ. ರೇಡಿಯೋ ಅಲೆ ಹಾದುಹೋಗುವಾಗ ಆ ಅಣು ಅದರ ತಾಳಕ್ಕೆ ತಿರುಗಲು ಹೋಗಿ ಅಲೆಯ ಶಕ್ತಿಯನ್ನು ಹೀರಿಕೊಂಡು ಬಿಸಿಯಾಗಿಸುತ್ತದೆ. ಮೊಬೈಲು ಬಳಸುವ ಅಲೆಗಳಲ್ಲಿ ಕಂಪನ ಹೆಚ್ಚಿದಷ್ಟೂ ಈ ಹೀರುವಿಕೆ ಹೆಚ್ಚು. ಸಾಲದೆಂದು, ಅಲೆಯ ಉದ್ದ ಗರಿಯ ಎಲೆಗಳ ಅಳತೆಗೆ ಹತ್ತಿರವಾದಷ್ಟೂ ಅದು ಚೆದುರುತ್ತದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, 2300ರದು 13, 5ಜಿಯ 3500ರದು ಎಂಟೂವರೆ. ಹಾಗಾಗಿ ತೋಟದ ನಡುವೆ ಕಡಿಮೆ ಕಂಪನದ ಅಲೆ ತೂರಿ ಬರುತ್ತದೆ, ಹೆಚ್ಚಿನದು ಗರಿಗಳಲ್ಲೇ ಸೊರಗುತ್ತದೆ. ಮಳೆ ಬಂದು ಗರಿ ನೆಂದಾಗ ಇನ್ನಷ್ಟು. ಗಾಳಿ ಬೀಸಿದಾಗ ಸಿಗ್ನಲ್ ಏರುಪೇರಾಗುವುದೂ ಗರಿಗಳು ಅಲುಗಾಡುವುದರಿಂದ. ಮಾಳಿಗೆ ಹತ್ತಿದರೆ ಸ್ಪಷ್ಟವಾಗಿ ಕೇಳುತ್ತದೆ ಎಂಬ ನಮ್ಮ ಹೆಂಗಸರ ಅನುಭವ ಪಕ್ಕಾ ಭೌತಶಾಸ್ತ್ರ. ತೋಟದ ಮನೆಗೆ ಫೈಬರ್ ಎಳೆಸಿಕೊಂಡವರಿಗೆ ಈ ತೊಂದರೆ ತಪ್ಪುತ್ತದೆ, ಗಾಜಿನ ಎಳೆಗೆ ಗರಿಯ ಹಂಗಿಲ್ಲ.

ಇದೇ ಕಂಪನದ ವಿಷಯ ಆ ತುದಿಯಲ್ಲೂ ಕಾಡುತ್ತದೆ. ಅಮೆರಿಕದ ಒಳನಾಡಿನಲ್ಲಿ ದೂರ ತಲುಪಲು ಬಳಸುವುದು 600 ಮತ್ತು 700 ಮೆಗಾಹರ್ಟ್ಸ್ ಅಲೆಗಳನ್ನು. ಅಲ್ಲಿಯ ಭಾಷೆಯಲ್ಲಿ ಬ್ಯಾಂಡ್ 71, 12, 13. ನಮ್ಮ ಪೇಟೆಯಲ್ಲಿ ಕೊಂಡ ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಈ ಬ್ಯಾಂಡ್‌ಗಳು ಕೇಳಿಸುವುದೇ ಇಲ್ಲ. ನಗರದಲ್ಲಿ ಸರಿಯಾಗಿದ್ದ ಫೋನು ಊರಾಚೆ ಹೋದ ಕೂಡಲೇ ಮೂಕವಾಗುವುದು ಅದಕ್ಕೆ. ಇನ್ನು ಕೀಪ್ಯಾಡ್ ಮೊಬೈಲು ಒಯ್ಯುವವರ ಪಾಡು ಇನ್ನೂ ಕಷ್ಟ. ಅಮೆರಿಕದ ಎಟಿ ಅಂಡ್ ಟಿ ಕಂಪನಿ 2017ರ ಆರಂಭದಲ್ಲೇ 2ಜಿ ನಿಲ್ಲಿಸಿತು, 2022ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು 3ಜಿಯನ್ನೂ ಮುಚ್ಚಿದವು. ಸಿಂಗಪುರದಲ್ಲಿ 2017ರಲ್ಲಿ 2ಜಿ ಹೋಯಿತು, 2024ರಲ್ಲಿ 3ಜಿ. 4ಜಿ ಇಲ್ಲದ ಫೋನಿಗೆ ಅಲ್ಲೆಲ್ಲ ಮಾತಾಡಿಸುವವರೇ ಇಲ್ಲ.

ಇಷ್ಟು ತಿಳಿದ ಮೇಲೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ: ಗುರುತಿಗೆ ಊರಿನ ಸಿಮ್, ದಾರಿಗೆ ಅಲ್ಲಿಯ ಡಾಟಾ. ಎರಡು ಸಿಮ್ಮಿನ ಫೋನಿನಲ್ಲಿ ಊರಿನ ಸಿಮ್ಮನ್ನು ತೆಗೆಯದೆ ಇಟ್ಟು, ಅದರ ಡಾಟಾ ರೋಮಿಂಗ್ ಮಾತ್ರ ಆಫ್ ಮಾಡಿ, ಇನ್ನೊಂದರಲ್ಲಿ ಅಲ್ಲಿಯ ಸಿಮ್ ಅಥವಾ ಪ್ಲಾಸ್ಟಿಕ್ ಚೂರಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಇ-ಸಿಮ್ ಹಾಕಿಕೊಳ್ಳುವುದು. ಮಗಳ ಮನೆಯಲ್ಲಿ ವೈಫೈ ಇದ್ದರೆ ಅದೂ ಬೇಡ. ವಾಟ್ಸಾಪ್ ನಂಬರು ಬದಲಾಗುವುದಿಲ್ಲ, ಏಕೆಂದರೆ ಅದು ಕೇಳುವುದು ಗುರುತನ್ನು, ದಾರಿಯನ್ನಲ್ಲ. ಮೆಸೇಜಿನ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದರೆ ಮಾತ್ರ ನಡೆಯಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ಸೂಚಿಸಿದೆ. ಊರಿನ ಸಿಮ್ಮನ್ನು ಪರ್ಸಿನಲ್ಲಿ ಮಡಿಚಿಡದೆ ಫೋನಿನಲ್ಲೇ ಬಿಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಓಟಿಪಿ ಬರುವ ಎಸ್ಸೆಮ್ಮೆಸ್ಸಿಗೆ ನೆಟ್ ಬೇಕಿಲ್ಲ. ಫೋನು ಮತ್ತು ಟವರು ತಮ್ಮತಮ್ಮೊಳಗೆ ಆಡಿಕೊಳ್ಳುವ ನಿಯಂತ್ರಣದ ಮಾತಿನ ನಡುವೆ ಉಳಿದ ಜಾಗದಲ್ಲಿ ಸಾಗಲೆಂದೇ ಅದನ್ನು ರೂಪಿಸಿದ್ದು. ಒಂದು ಸಂದೇಶಕ್ಕೆ 140 ಬೈಟ್ ಮಾತ್ರ ಇರುವುದೂ ಅದಕ್ಕೇ. ಅದರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತವೆ, ಕನ್ನಡದ ಚಿಹ್ನೆಗಳಾದರೆ 70. ಡಾಟಾ ರೋಮಿಂಗ್ ಆಫ್ ಇದ್ದರೂ ಓಟಿಪಿ ಬರುತ್ತದೆ. ಆದರೆ ಸಿಮ್ಮಿನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲೂ ಇರಬೇಕು, ರೀಚಾರ್ಜಿನ ಅವಧಿ ಮುಗಿದಿರಬಾರದು. ಚಾಲೂ ಮಾಡಿಸುವುದನ್ನು ಬೆಂಗಳೂರು ಬಿಡುವ ಮುಂಚೆಯೇ ಮುಗಿಸಬೇಕು. ವೈಫೈ ಕಾಲಿಂಗ್ ಸೌಲಭ್ಯವಿದ್ದರೆ ಅದನ್ನೂ ಇಲ್ಲಿದ್ದಾಗಲೇ ಹಾಕಿಟ್ಟುಕೊಳ್ಳಿ. ನಿಮ್ಮ ಕಂಪನಿ ಹೊರದೇಶದಲ್ಲಿ ಅದಕ್ಕೆ ಒಪ್ಪುವುದಾದರೆ, ಫೋನು ಮಗಳ ಮನೆಯ ವೈಫೈಯಿಂದ ಭಾರತದ ಕಂಪನಿಯವರೆಗೆ ಗೂಢಲಿಪಿಯ ಕೊಳವೆಯೊಂದನ್ನು ಹಾಕಿಕೊಳ್ಳುತ್ತದೆ, ಟವರಿನ ಸಿಗ್ನಲ್ ಇಲ್ಲದ ನೆಲಮಾಳಿಗೆಯಲ್ಲೂ ಊರಿನ ನಂಬರು ಜೀವಂತವಾಗಿರುತ್ತದೆ.

ಆರು ತಿಂಗಳು ಇರಲು ಹೋಗುವವರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ, 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಮುಂದುವರಿಸಬೇಕು. ರದ್ದಾದ ನಂಬರು ಕೆಲವು ಕಾಲದ ನಂತರ ಬೇರೊಬ್ಬರಿಗೆ ಹೋಗುತ್ತದೆ. ಆಮೇಲೆ ನಿಮ್ಮ ಬ್ಯಾಂಕಿನ ಓಟಿಪಿ ಹೋಗುವುದು ಅವರ ಫೋನಿಗೆ, ನಿಮ್ಮ ತೋಟದ ಮೋಟಾರು ಕೇಳುವುದು ಅವರ ಮಾತನ್ನು.

ರೋಮಿಂಗ್ ಇಷ್ಟು ದುಬಾರಿ ಆಗಬೇಕಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಕೇಬಲ್ಲಿನಲ್ಲಿ ಒಂದು ಜಿಬಿ ಸಾಗಿಸುವ ಖರ್ಚಿಗೂ ಗ್ರಾಹಕರು ತೆರುವ ದರಕ್ಕೂ ಸಂಬಂಧ ತೀರ ಸಡಿಲ. ಕಂಪನಿಗಳು ಪರಸ್ಪರ ವಿಧಿಸಿಕೊಳ್ಳುವ ಸಗಟು ದರವೇ ಇದರಲ್ಲಿ ದೊಡ್ಡ ಪಾಲು. ಯುರೋಪಿನ ಒಕ್ಕೂಟ ಆ ದರಕ್ಕೆ ಮಿತಿ ಹಾಕಿ, 2017ರ ಜೂನ್ 15ರಿಂದ ಸದಸ್ಯ ದೇಶಗಳ ನಡುವೆ ಮನೆಯ ದರದಲ್ಲೇ ರೋಮಿಂಗ್ ಸಿಗುವಂತೆ ಮಾಡಿತು. ಅಲ್ಲಿಯ ಕಂಪನಿಗಳು ಮುಳುಗಲಿಲ್ಲ. ನಮ್ಮ ಲಕ್ಷಾಂತರ ಜನ ದುಡಿಯುವ ಕೊಲ್ಲಿ ದೇಶಗಳ ಜೊತೆಗಾದರೂ ಭಾರತ ಇಂಥ ಒಪ್ಪಂದಕ್ಕೆ ಕೂರಬೇಕು.

ಕೊನೆಗೆ, ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಬಂದಿದ್ದಾರೆಂದು ಪ್ರೀತಿಯಿಂದ ಅಮೆರಿಕದಲ್ಲಿ ಹೊಸ ಐಫೋನ್ ಕೊಡಿಸುತ್ತೀರಿ. 2022ರ ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ತಿಪಟೂರಿನಿಂದ ತಂದ ಪ್ಲಾಸ್ಟಿಕ್ ಸಿಮ್ ಅದರೊಳಗೆ ಹೋಗದು. ಅದನ್ನು ಇ-ಸಿಮ್ ಮಾಡಿಸಲು ಸಾಮಾನ್ಯವಾಗಿ ಹಳೆಯ ಸಿಮ್ಮಿನಿಂದ ಸಂದೇಶ ಹೋಗಬೇಕು, ಹೊಸ ಫೋನಿನಲ್ಲಿ ಯುಪಿಐ ಶುರುಮಾಡಲೂ ಊರಿನ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ ಹೊರಡಬೇಕು. ಆದ್ದರಿಂದ ಫೋನು ಬದಲಿಸುವುದಿದ್ದರೆ ಅವರು ಊರಿನಲ್ಲಿರುವಾಗಲೇ ಬದಲಿಸಿ, ಎಲ್ಲ ಆ್ಯಪ್‌ಗಳನ್ನೂ ಅಲ್ಲೇ ಚಾಲೂ ಮಾಡಿಸಿ ಕರೆಸಿಕೊಳ್ಳಿ. ಹಳೆಯ ಸಿಮ್ಮನ್ನು ಜೋಪಾನವಾಗಿಡಿ. ಅದು ಕಳೆದರೆ ಡೂಪ್ಲಿಕೇಟ್ ಸಿಮ್ ಸಾಮಾನ್ಯವಾಗಿ ಸಿಗುವುದು ಅವರು ಭಾರತಕ್ಕೆ ವಾಪಸು ಬಂದು, ಗುರುತಿನ ಚೀಟಿ ಹಿಡಿದು, ಕಂಪನಿಯ ಅಂಗಡಿಯ ಮುಂದೆ ನಿಂತಾಗಲೇ.